ಎಟಿವಿ ಎತ್ತರಿಸಿದ ಮೇಲೆ ಹ್ಯಾಂಡಲ್ ಯಾಕೆ ಮಾತು ಕೇಳಲ್ಲ? ಸಸ್ಪೆನ್ಷನ್, ಚಾಸಿಸ್ ಕೆಲಸಕ್ಕೆ ಹಂತ ಹಂತದ ದಾರಿ

"ಗಾಡಿ ಎರಡು ಇಂಚು ಎತ್ತರ ಮಾಡಿಸಿದೆ, ದೊಡ್ಡ ಟೈರ್ ಹಾಕಿಸಿದೆ. ಈಗ ಹ್ಯಾಂಡಲ್ ತಿರುಗಿಸೋಕೆ ತೋಳು ನೋಯುತ್ತೆ, ಸ್ಪೀಡ್ ಹಿಡಿದರೆ ಅಲ್ಲಾಡುತ್ತೆ. ಏನು ಮಾಡಲಿ?"

ಎಟಿವಿ, ಅಂದರೆ ಹ್ಯಾಂಡಲ್ ಹಿಡಿದು ಮಣ್ಣಿನ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ ಇಟ್ಟುಕೊಂಡವರಿಂದ ಈ ಪ್ರಶ್ನೆ ನನಗೆ ಪದೇಪದೇ ಬರುತ್ತದೆ. ಕನಕಪುರ ರಸ್ತೆ ಕಡೆ ತೋಟ ಇಟ್ಟುಕೊಂಡವರು ಕೇಳುತ್ತಾರೆ. ದೇವನಹಳ್ಳಿ ಆಚೆ ಮಣ್ಣಿನ ಟ್ರ್ಯಾಕ್‌ನಲ್ಲಿ ಓಡಿಸುವವರು ಕೇಳುತ್ತಾರೆ. ಬಾಹಾ ಸ್ಪರ್ಧೆಗೆ ಗಾಡಿ ಕಟ್ಟುವ ಇಂಜಿನಿಯರಿಂಗ್ ಕಾಲೇಜಿನ ಹುಡುಗರು, ಹುಡುಗಿಯರೂ ಕೇಳುತ್ತಾರೆ. ಹಾಗಾಗಿ ಪೂರ್ತಿ ಕ್ರಮವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಎಟಿವಿಯಲ್ಲಿ ಸಸ್ಪೆನ್ಷನ್ (ಚಕ್ರ ಏರಿಳಿಯಲು ಬಿಡುವ ಸ್ಪ್ರಿಂಗ್, ಶಾಕ್, ಆರ್ಮ್‌ಗಳ ಜೋಡಣೆ) ಬೇರೆ, ಸ್ಟೀರಿಂಗ್ ಬೇರೆ ಅಂತ ಇಲ್ಲ. ಮುಂದಿನ ಚಕ್ರವನ್ನು ಫ್ರೇಮ್‌ಗೆ ಹಿಡಿದಿರುವ, A ಆಕಾರದ ತೋಳು, ಅಂದರೆ ಎ-ಆರ್ಮ್, ಎಷ್ಟು ಓರೆಯಾಗಿದೆ ಎಂಬುದರ ಮೇಲೆಯೇ ಆ ಚಕ್ರ ಯಾವ ಕಡೆ ನೋಡುತ್ತದೆ ಎಂಬುದು ನಿಂತಿದೆ. ಶಾಕ್ ಬದಲಾಯಿಸಿದರೂ, ಸ್ಪೇಸರ್ (ಚಕ್ರವನ್ನು ಹೊರಕ್ಕೆ ತಳ್ಳಲು ಚಕ್ರಕ್ಕೂ ಅದು ಕೂರುವ ಹಬ್‌ಗೂ ನಡುವೆ ಇಡುವ ಬಿಲ್ಲೆ) ಹಾಕಿದರೂ, ಟೈರ್ ದೊಡ್ಡದು ಮಾಡಿದರೂ ಸ್ಟೀರಿಂಗ್ ಅಳತೆ ಬದಲಾಗಿಯೇ ಆಗುತ್ತದೆ. ಆ ಅಳತೆಯನ್ನು ಮತ್ತೆ ಕೂರಿಸದೇ ಬಿಟ್ಟಾಗ ತೊಂದರೆ ಶುರುವಾಗುತ್ತದೆ.

ನಿಮ್ಮ ಗಾಡಿ ಯಾವ ಜಾತಿ?

ಯಮಹಾ ರ‍್ಯಾಪ್ಟರ್ 700ರಂಥ ಸ್ಪೋರ್ಟ್ ಎಟಿವಿಗಳಲ್ಲಿ ಹಿಂದಿನ ಎರಡು ಚಕ್ರಗಳನ್ನೂ ಒಂದೇ ಗಟ್ಟಿ ಆ್ಯಕ್ಸೆಲ್ ಜೋಡಿಸಿರುತ್ತದೆ. ಡಿಫರೆನ್ಷಿಯಲ್ ಇಲ್ಲ. ಅಂದರೆ ತಿರುವಿನಲ್ಲೂ ಎರಡೂ ಚಕ್ರ ಒಂದೇ ವೇಗದಲ್ಲಿ ಸುತ್ತುತ್ತವೆ. ಒಳಗಿನ ಚಕ್ರ ಸ್ವಲ್ಪ ಜಾರಲೇಬೇಕು, ಇಲ್ಲದಿದ್ದರೆ ಗಾಡಿ ನೇರ ಹೋಗಲು ನೋಡುತ್ತದೆ. ಪೊಲಾರಿಸ್ ಸ್ಪೋರ್ಟ್ಸ್‌ಮನ್‌ನಂಥ ತೋಟದ ಗಾಡಿಗಳಲ್ಲಿ ಹಿಂದಿನ ಚಕ್ರಗಳು ಬೇರೆ ಬೇರೆಯಾಗಿ ಏಳುತ್ತವೆ, ಇಳಿಯುತ್ತವೆ. ಮುಂದಿನ ಕೆಲಸ ಎರಡಕ್ಕೂ ಒಂದೇ, ಆದರೆ ಗಟ್ಟಿ ಆ್ಯಕ್ಸೆಲ್ ಗಾಡಿಯನ್ನು ಟಾರು ರಸ್ತೆ ಅಥವಾ ಕಾಂಕ್ರೀಟ್ ಮೇಲೆ ಪರೀಕ್ಷೆ ಮಾಡಬೇಡಿ. ಅಲ್ಲಿ ಒಳಗಿನ ಚಕ್ರ ಜಾರುವುದಿಲ್ಲ, ಹಿಡಿದುಕೊಳ್ಳುತ್ತದೆ. ಗಾಡಿ ಮಗುಚುವ ಸಾಧ್ಯತೆ ಜಾಸ್ತಿ.

ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಮಿನ ಪ್ರಕಾರ ನೋಂದಣಿ ಇಲ್ಲದ ಗಾಡಿಯನ್ನು ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ನೋಂದಣಿ ಇಲ್ಲದ ಎಟಿವಿಯನ್ನು ಪಕ್ಕದ ಬೀದಿಯಲ್ಲಿ "ಒಂದು ರೌಂಡ್" ನೋಡುವುದೂ ಬೇಡ. ಟೆಂಪೋದಲ್ಲಿ ಹಾಕಿಕೊಂಡು ಸ್ವಂತ ಜಮೀನಿಗೋ ಟ್ರ್ಯಾಕ್‌ಗೋ ಹೋಗಿ.

ಏನೇನು ಬೇಕು

ಟೇಪು, ಸೀಮೆಸುಣ್ಣ, ಗಾರೆ ಕೆಲಸದವರು ಕಟ್ಟುವ ನೈಲಾನ್ ದಾರ, ರಸಮಟ್ಟ ಅಥವಾ ಕೋನ ತೋರಿಸುವ ಫೋನ್ ಆ್ಯಪ್, ಜ್ಯಾಕ್, ಎರಡು ಗಟ್ಟಿ ಸ್ಟ್ಯಾಂಡ್, ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಎಂದು ತೋರಿಸುವ ಪಾನಾ), 600 ಮಿ.ಮೀ. ಉದ್ದದ ನೇರವಾದ ಅಲ್ಯೂಮಿನಿಯಂ ಪಟ್ಟಿ. ಎಲ್ಲಕ್ಕಿಂತ ಮುಖ್ಯ, ಕಡಿಮೆ ಒತ್ತಡ ಅಳೆಯುವ ಗೇಜ್: 0ರಿಂದ 15 ಪಿಎಸ್‌ಐವರೆಗಿನದು. ಪೆಟ್ರೋಲ್ ಬಂಕಿನ ಗೇಜ್ 4 ಪಿಎಸ್‌ಐ ಅನ್ನು ಸರಿಯಾಗಿ ತೋರಿಸುವುದಿಲ್ಲ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಕೂಡ ಪಕ್ಕದಲ್ಲಿರಲಿ. ನಾನು ಕೊಡುವ ಅಂಕಿಗಳು ಅಂದಾಜು ಹಿಡಿಯಲು ಮಾತ್ರ. ಮ್ಯಾನ್ಯುಯಲ್ ಬೇರೆ ಹೇಳಿದರೆ ಅದನ್ನೇ ಪಾಲಿಸಿ.

1. ಒಂದು ನಟ್ಟೂ ಬಿಚ್ಚುವ ಮೊದಲು ಅಳೆದು ಬರೆದಿಡಿ

ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ. ನೆಲದಿಂದ ಫ್ರೇಮ್‌ಗೆ ನಾಲ್ಕು ಮೂಲೆಯ ಎತ್ತರ, ಮುಂದಿನ ಚಕ್ರಗಳ ನಡುವಿನ ಅಂತರ, ಚಕ್ರದ ಓರೆ, ಶಾಕ್‌ನ ಸ್ಪ್ರಿಂಗ್ ಉದ್ದ, ಕ್ಲಿಕ್ಕರ್‌ಗಳ (ಶಾಕ್ ಚಲಿಸುವ ವೇಗ ಹೊಂದಿಸುವ ತಿರುಪುಗಳ) ಲೆಕ್ಕ, ಎಲ್ಲವನ್ನೂ ಬರೆದುಕೊಳ್ಳಿ. ಫೋಟೋ ಸಾಲದು. ನೋಟ್‌ಬುಕ್‌ನಲ್ಲಿ ಅಂಕಿ ಇರಬೇಕು. "ಮೊದಲು ಚೆನ್ನಾಗಿತ್ತು" ಎನ್ನುವವರ ಹತ್ತಿರ ಆ ಮೊದಲಿನ ಅಳತೆ ಇರುವುದೇ ಇಲ್ಲ. ವಾಪಸ್ ಹೋಗಲು ದಾರಿಯೇ ಇರುವುದಿಲ್ಲ.

2. ಟೈರ್ ಮತ್ತು ಪ್ಲೇ (ಜಾಯಿಂಟ್‌ಗಳ ಸಡಿಲ): ಖರ್ಚಿಲ್ಲದ ರಿಪೇರಿ

ಎಟಿವಿ ಟೈರ್‌ನಲ್ಲಿ ಗಾಳಿ ತುಂಬಾ ಕಡಿಮೆ, ಸಾಮಾನ್ಯವಾಗಿ 3ರಿಂದ 8 ಪಿಎಸ್‌ಐ. 4 ಪಿಎಸ್‌ಐನಲ್ಲಿ ಒಂದು ಕಡೆ ಬರೀ 1 ಪಿಎಸ್‌ಐ ಕಡಿಮೆಯಾದರೂ ಅದು ಕಾಲು ಭಾಗ ಹೋದ ಹಾಗೆ. ಗಾಡಿ ಆ ಕಡೆ ಎಳೆಯುತ್ತದೆ. ನನ್ನ ಹತ್ತಿರ ಬಂದ ಒಂದು ಗಾಡಿಗೆ ಹೊಸ ಟೈ ರಾಡ್ (ಹ್ಯಾಂಡಲ್ ತಿರುಗಿಸಿದಾಗ ಚಕ್ರವನ್ನು ಎಳೆದು ತಿರುಗಿಸುವ ಕಂಬಿ), ಹೊಸ ಬಾಲ್ ಜಾಯಿಂಟ್ (ಆರ್ಮ್ ಮತ್ತು ಚಕ್ರದ ಭಾಗ ಸೇರುವ ಗುಂಡು ಕೀಲು) ಎಲ್ಲ ಹಾಕಿಸಿಯಾಗಿತ್ತು, ಆದರೂ ಎಡಕ್ಕೆ ಎಳೆಯುತ್ತಿತ್ತು. ಎಡಗಡೆ ಟೈರ್‌ನಲ್ಲಿ 3, ಬಲಗಡೆ 5 ಪಿಎಸ್‌ಐ ಇತ್ತು, ಅಷ್ಟೇ.

ಗಟ್ಟಿ ಆ್ಯಕ್ಸೆಲ್ ಇದ್ದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಹಿಂದಿನ ಎರಡೂ ಟೈರ್‌ಗಳ ಸುತ್ತಳತೆಯನ್ನು ಟೇಪಿನಿಂದ ಅಳೆಯಿರಿ. ಒಂದೇ ಸೈಜ್ ಎಂದು ಬರೆದಿದ್ದರೂ ಒಂದು ಹಳೆಯದು, ಇನ್ನೊಂದು ಹೊಸದಾದರೆ ವ್ಯತ್ಯಾಸ ಇರುತ್ತದೆ. ದೊಡ್ಡ ಸುತ್ತಳತೆಯ ಚಕ್ರ ಪ್ರತಿ ಸುತ್ತಿಗೂ ಜಾಸ್ತಿ ದೂರ ಹೋಗಲು ನೋಡುತ್ತದೆ, ಗಾಡಿಯನ್ನು ಚಿಕ್ಕ ಟೈರಿನ ಕಡೆಗೆ ತಳ್ಳುತ್ತದೆ. ಗಾಳಿ ಹೊಂದಿಸಿ ಸುತ್ತಳತೆ ಸಮ ಮಾಡಲು ಪ್ರಯತ್ನಿಸಿ. ಆಗದಿದ್ದರೆ ಜೋಡಿಯಾಗಿ ಬದಲಾಯಿಸಿ.

ಆಮೇಲೆ ಮುಂಭಾಗ ಎತ್ತಿ ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಲೊಡಲೊಡ ಅಂದರೆ ಬಾಲ್ ಜಾಯಿಂಟ್, ಬೇರಿಂಗ್ ಅಥವಾ ಬುಶ್ ಸವೆದಿದೆ. ಎಡ-ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಪ್ಲೇ ಸಿಕ್ಕರೆ ಟೈ ರಾಡ್ ತುದಿ ನೋಡಿ. ನಮ್ಮ ಕೆಂಪು ಮಣ್ಣು ಒಣಗಿದಾಗ ಹಿಟ್ಟಿನಂತೆ ಸಂದಿಗೆಲ್ಲ ನುಗ್ಗುತ್ತದೆ. ಜಾಯಿಂಟ್ ಮುಚ್ಚುವ ರಬ್ಬರ್ ಚೀಲ, ಅಂದರೆ ಬೂಟ್, ಒಂದು ಸಣ್ಣ ಸೀಳು ಬಿಟ್ಟರೂ ಒಳಗಿನ ಗ್ರೀಸ್ ಮಣ್ಣಿನ ಜೊತೆ ಸೇರಿ ಲೋಹವನ್ನು ಉಜ್ಜಿಹಾಕುತ್ತದೆ. ಪ್ಲೇ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡುವುದು ಸುಮ್ನೆ ಕಾಲಹರಣ.

3. ಸ್ಯಾಗ್ ಸರಿಮಾಡಿ

ಸ್ಯಾಗ್ ಎಂದರೆ ನೀವು ಕೂತಾಗ ಸಸ್ಪೆನ್ಷನ್ ಎಷ್ಟು ಕುಸಿಯುತ್ತದೆ ಎಂಬ ಅಳತೆ. ಚಕ್ರ ಗಾಳಿಯಲ್ಲಿ ತೂಗುವಾಗ ಆ್ಯಕ್ಸೆಲ್ ಮಧ್ಯದಿಂದ ಫ್ರೇಮ್‌ನ ಒಂದು ಗುರುತಿಗೆ ಅಳೆಯಿರಿ. ಆಮೇಲೆ ಹೆಲ್ಮೆಟ್, ಬೂಟು ಹಾಕಿಕೊಂಡು ಕೂತಾಗ ಇನ್ನೊಬ್ಬರಿಂದ ಅಳೆಸಿ. ವ್ಯತ್ಯಾಸವೇ ಸ್ಯಾಗ್. ಚಕ್ರದ ಒಟ್ಟು ಓಟದ (ಪೂರ್ತಿ ಕೆಳಗಿನಿಂದ ಪೂರ್ತಿ ಮೇಲಕ್ಕೆ ಅದು ಚಲಿಸುವ ದೂರದ) ಮೂರನೇ ಒಂದು ಭಾಗ ಒಳ್ಳೆಯ ಆರಂಭ. 230 ಮಿ.ಮೀ. ಓಟ ಇದ್ದರೆ ಸುಮಾರು 75 ಮಿ.ಮೀ.

ಇಲ್ಲಿ ಎಲ್ಲರೂ ಎಡವುವ ಜಾಗ ಪ್ರೀಲೋಡ್. ಸ್ಪ್ರಿಂಗ್ ಮೇಲಿನ ರಿಂಗ್ ತಿರುಗಿಸಿ ಅದನ್ನು ಮೊದಲೇ ಒತ್ತಿಡುವುದನ್ನು ಪ್ರೀಲೋಡ್ ಎನ್ನುತ್ತಾರೆ. ಪ್ರೀಲೋಡ್ ಜಾಸ್ತಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಗಾಡಿ ಎತ್ತರ ಕೂರುತ್ತದೆ ಅಷ್ಟೇ. ಚಕ್ರ ಕೆಳಗೆ ಇಳಿಯಲು ಜಾಗ ಕಡಿಮೆಯಾಗಿ, ಸಣ್ಣ ಗುಂಡಿಗೂ ನೆಲ ಬಿಡುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಸ್ಟೀರಿಂಗ್ ಇಲ್ಲ. ರಿಂಗ್ ಪೂರ್ತಿ ಬಿಗಿದರೂ ಸ್ಯಾಗ್ ಜಾಸ್ತಿ ಇದ್ದರೆ ನಿಮ್ಮ ತೂಕಕ್ಕೆ ಗಟ್ಟಿ ಸ್ಪ್ರಿಂಗ್ ಬೇಕು.

ಮುಂದೆ ಜಾಸ್ತಿ ಕುಸಿದರೆ ಹ್ಯಾಂಡಲ್ ಚುರುಕಾಗಿ ಚಂಚಲವಾಗುತ್ತದೆ. ಹಿಂದೆ ಜಾಸ್ತಿ ಕುಸಿದರೆ ಮುಂದಿನ ಚಕ್ರ ಹಗುರಾಗಿ ತಿರುವಿನಲ್ಲಿ ಗಾಡಿ ಹೊರಕ್ಕೆ ಜಾರುತ್ತದೆ. ಕಾರಣ ಮುಂದಿನ ಹಂತದಲ್ಲಿದೆ.

4. ಎತ್ತರಿಸುವುದಾದರೆ ಈ ಎರಡು ಲೆಕ್ಕ ಮಾಡಿ

ಮೊದಲನೆಯದು ಮಗುಚುವ ಲೆಕ್ಕ. ಚಕ್ರಗಳ ನಡುವಿನ ಅಗಲದ ಅರ್ಧವನ್ನು, ಸವಾರನೂ ಸೇರಿದ ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ಅಗಲ 1,000 ಮಿ.ಮೀ., ಎತ್ತರ 700 ಮಿ.ಮೀ. ಅಂದುಕೊಳ್ಳಿ. ಉತ್ತರ 0.71. ಗಾಡಿಯನ್ನು 50 ಮಿ.ಮೀ. ಎತ್ತರಿಸಿದರೆ 0.67ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಪಕ್ಕಕ್ಕೆ 35 ಡಿಗ್ರಿ ಓರೆ ತಡೆಯುತ್ತಿದ್ದ ಗಾಡಿ ಈಗ 34 ಡಿಗ್ರಿ ಮುಟ್ಟುವ ಮೊದಲೇ ಮಗುಚುತ್ತದೆ. ಟೈರ್ ಮತ್ತು ಶಾಕ್ ಒತ್ತುವುದರಿಂದ ನಿಜವಾಗಿ ಇನ್ನೂ ಬೇಗ. ಮೊದಲಿನ ಸ್ಥಿರತೆ ವಾಪಸ್ ಬೇಕೆಂದರೆ ಅಗಲವನ್ನು ಸುಮಾರು 70 ಮಿ.ಮೀ. ಹೆಚ್ಚಿಸಬೇಕು.

ಎರಡನೆಯದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ಒರಗಿರುವುದನ್ನು ನೋಡಿದ್ದೀರಿ, ಅಲ್ವಾ? ಎಟಿವಿಯಲ್ಲೂ, ಹ್ಯಾಂಡಲ್ ತಿರುಗಿಸಿದಾಗ ಚಕ್ರ ಎಡ-ಬಲ ತಿರುಗುವ ಅಕ್ಷ ಹಾಗೆಯೇ ಹಿಂದಕ್ಕೆ ಒರಗಿರುತ್ತದೆ. ಆ ಕೋನವೇ ಕ್ಯಾಸ್ಟರ್. ಜಾಸ್ತಿ ಇದ್ದರೆ ಹ್ಯಾಂಡಲ್ ಭಾರ, ಆದರೆ ಸ್ಪೀಡ್‌ನಲ್ಲಿ ನೇರ ನಿಲ್ಲುತ್ತದೆ, ತಿರುಗಿಸಿ ಬಿಟ್ಟರೆ ತಾನೇ ಮಧ್ಯಕ್ಕೆ ಬರುತ್ತದೆ. ಕಡಿಮೆ ಇದ್ದರೆ ಹ್ಯಾಂಡಲ್ ಹಗುರ, ಸ್ಪೀಡ್‌ನಲ್ಲಿ ಅಲ್ಲಾಟ.

ಹಿಂಭಾಗ ಮಾತ್ರ 50 ಮಿ.ಮೀ. ಎತ್ತರಿಸಿದರೆ, ಚಕ್ರಾಂತರ (ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕಿರುವ ದೂರ) 1,250 ಮಿ.ಮೀ. ಇರುವ ಗಾಡಿಯಲ್ಲಿ 2.3 ಡಿಗ್ರಿ ಕ್ಯಾಸ್ಟರ್ ಹೋಗುತ್ತದೆ. ಇರುವುದೇ ಕೆಲವೇ ಡಿಗ್ರಿ, ಅದರಲ್ಲಿ ಇದು ದೊಡ್ಡ ಪಾಲು. ಹಿಂದೆ ಮಾತ್ರ ದೊಡ್ಡ ಟೈರ್ ಹಾಕಿಸಿದವರಿಗೂ ಆಗುವುದು ಇದೇ. ಮುಂಭಾಗ ಮಾತ್ರ ಎತ್ತರಿಸಿದರೆ ಉಲ್ಟಾ: ಹ್ಯಾಂಡಲ್ ಕಲ್ಲಾಗುತ್ತದೆ. ಎತ್ತರಿಸಿದರೆ ಎರಡೂ ಕಡೆ ಒಂದೇ ಅಳತೆಗೆ ಎತ್ತರಿಸಿ.

ನಾಲ್ಕೂ ಚಕ್ರಕ್ಕೆ ಡ್ರೈವ್ ಇರುವ ಗಾಡಿಯಾದರೆ ಸಿವಿ ಜಾಯಿಂಟ್ ನೋಡಿ. ಅದು ಆ್ಯಕ್ಸೆಲ್ ಓರೆಯಾದರೂ ಚಕ್ರಕ್ಕೆ ತಿರುಗುವ ಶಕ್ತಿ ದಾಟಿಸುವ ಜಾಯಿಂಟ್. ಬ್ರಾಕೆಟ್ ಹಾಕಿ ಎತ್ತರಿಸಿದಾಗ ಅದರ ಓರೆ ಹೆಚ್ಚಿ ರಬ್ಬರ್ ಬೂಟ್ ಬೇಗ ಹರಿಯುತ್ತದೆ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಕಟಕಟ ಶಬ್ದ ಬಂದರೆ ಎತ್ತರ ಜಾಸ್ತಿಯಾಗಿರಬಹುದು, ಇಲ್ಲವೇ ಜಾಯಿಂಟ್ ಸವೆದಿರಬಹುದು.

ನನ್ನನ್ನು ಕೇಳಿದರೆ, ತೋಟಕ್ಕೆ ಓಡಿಸುವ ಗಾಡಿಗೆ ಎತ್ತರಿಸುವ ಕಿಟ್ ಬೇಡವೇ ಬೇಡ. ಕೆಸರಿನಲ್ಲಿ ಹೂತುಕೊಳ್ಳುವುದು ಬಹುಪಾಲು ಟೈರ್ ಹಲ್ಲಿನ ಸಮಸ್ಯೆ.

5. ಅಗಲ ಮಾಡುವುದು: ಸ್ಪೇಸರ್ ಬೇರೆ, ಉದ್ದ ಆರ್ಮ್ ಬೇರೆ

ಸ್ಪೇಸರ್ ಅಗ್ಗ, ಅರ್ಧ ಗಂಟೆಯ ಕೆಲಸ. ಹಿಂದೆ ಹಾಕಿದರೆ ಸ್ಟೀರಿಂಗ್‌ಗೆ ನೇರ ತೊಂದರೆ ಇಲ್ಲ. ಮುಂದೆ ಹಾಕಿದರೆ ಇದೆ. ಚಕ್ರ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಮುಟ್ಟುವ ಬಿಂದುವಿಗೂ ಟೈರ್‌ನ ಮಧ್ಯಕ್ಕೂ ಇರುವ ಅಂತರವನ್ನು ಸ್ಕ್ರಬ್ ರೇಡಿಯಸ್ ಎನ್ನುತ್ತಾರೆ. 30 ಮಿ.ಮೀ. ಸ್ಪೇಸರ್ ಹಾಕಿದರೆ ಈ ಅಂತರವೂ ಅಷ್ಟೇ ಬೆಳೆಯುತ್ತದೆ. ಒಂದು ಚಕ್ರ ಕಲ್ಲಿಗೆ ತಾಗಿದರೆ ಆ ಉದ್ದದ ಸನ್ನೆಗೋಲಿನಿಂದ ಹ್ಯಾಂಡಲ್ ಅನ್ನು ಕಿತ್ತುಕೊಂಡ ಹಾಗೆ. ಹೆಬ್ಬೆರಳು ಹ್ಯಾಂಡಲ್‌ಗೆ ಸುತ್ತಿದ್ದರೆ ಉಳುಕುವುದು ಗ್ಯಾರಂಟಿ. ಬೇರಿಂಗ್ ಮೇಲೂ ಹೊರೆ ಜಾಸ್ತಿ.

ಉದ್ದ ಎ-ಆರ್ಮ್ ಒಳ್ಳೆಯ ದಾರಿ, ಆದರೆ ಒಂದು ಲೆಕ್ಕ ಮರೆಯಬೇಡಿ. 400 ಮಿ.ಮೀ. ಆರ್ಮ್‌ನಲ್ಲಿ ಶಾಕ್ 300 ಮಿ.ಮೀ. ದೂರದಲ್ಲಿ ಕೂತಿದೆ ಎನ್ನಿ. ಆರ್ಮ್ 450 ಮಾಡಿ ಶಾಕ್ ಅಲ್ಲೇ ಬಿಟ್ಟರೆ, ಚಕ್ರದ ಹತ್ತಿರ ಸ್ಪ್ರಿಂಗ್‌ನ ಗಟ್ಟಿತನ ಸುಮಾರು ನೂರಕ್ಕೆ 21ರಷ್ಟು ಇಳಿಯುತ್ತದೆ. ಈ ಅನುಪಾತದ ವರ್ಗ ತೆಗೆದುಕೊಳ್ಳಬೇಕು, ಅದಕ್ಕೇ ಇಷ್ಟು ದೊಡ್ಡ ವ್ಯತ್ಯಾಸ. ಹಾಗಾಗಿ ಆರ್ಮ್ ಜೊತೆಗೆ ಗಟ್ಟಿ ಸ್ಪ್ರಿಂಗ್, ಉದ್ದದ ಟೈ ರಾಡ್, ಉದ್ದದ ಬ್ರೇಕ್ ಹೋಸ್, ಎಲ್ಲಕ್ಕೂ ಒಟ್ಟಿಗೆ ಹಣ ಇಡಿ. ಆರ್ಮ್ ಮಾತ್ರ ತಂದು "ಉಳಿದದ್ದು ಆಮೇಲೆ" ಎಂದರೆ ಗಾಡಿ ಕೆಡುತ್ತದೆ.

6. ಬಂಪ್ ಸ್ಟಿಯರ್: ಬಹಳ ಜನ ನೋಡದೇ ಬಿಡುವ ಹಂತ

ನೀವು ಹ್ಯಾಂಡಲ್ ನೇರ ಹಿಡಿದಿದ್ದರೂ, ಚಕ್ರ ಮೇಲೆ-ಕೆಳಗೆ ಆದಾಗ ತಾನೇ ಎಡ-ಬಲ ತಿರುಗುವುದಕ್ಕೆ ಬಂಪ್ ಸ್ಟಿಯರ್ ಎನ್ನುತ್ತಾರೆ. ಎತ್ತರಿಸಿದ ಗಾಡಿ ಕೊರಕಲು ದಾರಿಯಲ್ಲಿ ಅಲೆದಾಡುವುದು ಬಹುತೇಕ ಇದರಿಂದಲೇ. ಆರ್ಮ್‌ಗಳು ಒಂದು ಕಮಾನಿನಲ್ಲಿ, ಟೈ ರಾಡ್ ಬೇರೊಂದು ಕಮಾನಿನಲ್ಲಿ ಚಲಿಸುತ್ತವೆ. ಎರಡೂ ಹೊಂದದಿದ್ದರೆ ಟೈ ರಾಡ್ ಚಕ್ರವನ್ನು ಎಳೆಯುತ್ತದೆ ಅಥವಾ ತಳ್ಳುತ್ತದೆ.

ಅಳೆಯುವುದು ಹೀಗೆ. ಫ್ರೇಮ್ ಅನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಮುಂದಿನ ಎರಡೂ ಶಾಕ್ ಕಳಚಿ. ಹ್ಯಾಂಡಲ್ ಅನ್ನು ನೇರವಾಗಿ ಕಟ್ಟಿಬಿಡಿ. ಚಕ್ರ ತೆಗೆದು ಹಬ್‌ಗೆ ಆ 600 ಮಿ.ಮೀ. ಪಟ್ಟಿಯನ್ನು ಅಡ್ಡಲಾಗಿ, ನೆಲಕ್ಕೆ ಸಮಾನಾಂತರವಾಗಿ ಬೋಲ್ಟ್ ಮಾಡಿ. ಪಕ್ಕದಲ್ಲಿ ಗಾಡಿಯ ನಡುಗೆರೆಗೆ ಸಮಾನಾಂತರವಾಗಿ ದಾರ ಬಿಗಿಯಾಗಿ ಕಟ್ಟಿ. ಈಗ ಹಬ್ ಕೆಳಗೆ ಜ್ಯಾಕ್ ಇಟ್ಟು ಪೂರ್ತಿ ಕೆಳಗಿನಿಂದ 25 ಮಿ.ಮೀ. ಹೆಜ್ಜೆಯಲ್ಲಿ ಎತ್ತುತ್ತಾ ಹೋಗಿ. ಪ್ರತಿ ಹೆಜ್ಜೆಗೂ ಪಟ್ಟಿಯ ಮುಂದಿನ ತುದಿಯಿಂದ ದಾರಕ್ಕೆ, ಹಿಂದಿನ ತುದಿಯಿಂದ ದಾರಕ್ಕೆ ಅಳೆದು ಎರಡರ ವ್ಯತ್ಯಾಸ ಬರೆಯಿರಿ. ಹಬ್ ಒಳಕ್ಕೆ-ಹೊರಕ್ಕೆ ಸರಿದರೂ ಎರಡೂ ತುದಿ ಒಟ್ಟಿಗೆ ಸರಿಯುತ್ತವೆ. ಹಾಗಾಗಿ ಈ ವ್ಯತ್ಯಾಸ ಚಕ್ರ ತಿರುಗಿದ್ದನ್ನು ಮಾತ್ರ ತೋರಿಸುತ್ತದೆ.

ಬಂದ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ನೋಡಿ. ಗೆರೆ ಒಂದೇ ಕಡೆ ಓರೆಯಾಗಿ ಹೋದರೆ ಟೈ ರಾಡ್‌ನ ಒಂದು ತುದಿಯ ಎತ್ತರ ತಪ್ಪಿದೆ. ಹೊರತುದಿಗೆ ವಾಷರ್ ಕೊಟ್ಟೋ, ಮೇಲಿಂದ ಕೆಳಕ್ಕೆ ಬದಲಿಸಿಯೋ ಸರಿಮಾಡಬೇಕು. ಗೆರೆ ಬಿಲ್ಲಿನಂತೆ ಬಾಗಿ, ಮೇಲೆ ಹೋದಾಗಲೂ ಕೆಳಗೆ ಬಂದಾಗಲೂ ಚಕ್ರ ಒಂದೇ ಕಡೆ ತಿರುಗಿದರೆ ಟೈ ರಾಡ್‌ನ ಉದ್ದ ಆರ್ಮ್‌ಗೆ ಹೊಂದಿಲ್ಲ. ಓಟದ ಮಧ್ಯದ 100 ಮಿ.ಮೀ. ಒಳಗೆ ವ್ಯತ್ಯಾಸ 2-3 ಮಿ.ಮೀ. ದಾಟದಿದ್ದರೆ ನಾನು ಅಲ್ಲಿಗೆ ನಿಲ್ಲಿಸುತ್ತೇನೆ.

ಅರ್ಧ ದಿನದ ಕೆಲಸ ಇದು. ಬೇಸರ ಪಡಬೇಡಿ. ಸ್ಟೀರಿಂಗ್ ಡ್ಯಾಂಪರ್ (ಹ್ಯಾಂಡಲ್ ಅದುರುವುದನ್ನು ತಡೆಯುವ ಸಣ್ಣ ಶಾಕ್) ಕೊಂಡು ಅಲ್ಲಾಟವನ್ನು ಮುಚ್ಚಿಡುವುದಕ್ಕಿಂತ ಕಾರಣವನ್ನೇ ತೆಗೆಯುವುದು ಮೇಲು.

7. ಕ್ಯಾಂಬರ್, ಆಮೇಲೆ ಟೋ

ಕ್ಯಾಂಬರ್ ಎಂದರೆ ಎದುರಿನಿಂದ ನೋಡಿದಾಗ ಚಕ್ರದ ಓರೆ. ಮೇಲ್ತುದಿ ಒಳಕ್ಕೆ ವಾಲಿದ್ದರೆ ನೆಗೆಟಿವ್. ತೋಟದ ಗಾಡಿಗೆ ಸೊನ್ನೆಯ ಹತ್ತಿರ, ಟ್ರ್ಯಾಕ್ ಗಾಡಿಗೆ ಒಂದೆರಡು ಡಿಗ್ರಿ ನೆಗೆಟಿವ್ ಸಾಕು. ಎಡ-ಬಲ ಸಮ ಇರಲಿ. ಕ್ಯಾಂಬರ್ ಮುಟ್ಟಿದರೆ ಟೋ ಬದಲಾಗುತ್ತದೆ, ಅದಕ್ಕೇ ಟೋ ಕೊನೆಗೆ.

ಟೋ ಎಂದರೆ ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೆ ನೋಡುತ್ತವೋ ಹೊರಕ್ಕೋ ಎಂಬುದು. ನೀವೇ ಗಾಡಿ ಮೇಲೆ ಕೂತು, ಅಥವಾ ನಿಮ್ಮಷ್ಟೇ ತೂಕ ಇಟ್ಟು ಅಳೆಯಬೇಕು. ಎರಡೂ ಟೈರ್‌ನ ಮುಂಭಾಗದ ಮಧ್ಯದಲ್ಲಿ, ಹಬ್ ಎತ್ತರಕ್ಕೆ ಸೀಮೆಸುಣ್ಣದ ಗುರುತು ಹಾಕಿ ಅಂತರ ಅಳೆಯಿರಿ. ಗಾಡಿಯನ್ನು ಅರ್ಧ ಸುತ್ತು ಮುಂದಕ್ಕೆ ತಳ್ಳಿ, ಅದೇ ಗುರುತುಗಳು ಹಿಂದೆ ಬಂದಾಗ ಮತ್ತೆ ಅಳೆಯಿರಿ. ಅದೇ ಗುರುತು ಬಳಸಿದರೆ ರಿಮ್ ಬೆಂಡ್ ಇದ್ದರೂ ಲೆಕ್ಕ ತಪ್ಪುವುದಿಲ್ಲ. ಸ್ಪೋರ್ಟ್ ಗಾಡಿಗಳಿಗೆ ಸಾಮಾನ್ಯವಾಗಿ 3ರಿಂದ 6 ಮಿ.ಮೀ. ಒಳನೋಟ ಇಡುತ್ತಾರೆ. ಕೆಲವು ತೋಟದ ಗಾಡಿಗಳಿಗೆ ಕಂಪನಿಯೇ ಸ್ವಲ್ಪ ಹೊರನೋಟ ಹೇಳುತ್ತದೆ, ಹಾಗಾಗಿ ಇಲ್ಲಿ ಮ್ಯಾನ್ಯುಯಲ್ ನೋಡದೇ ಕೈ ಹಾಕಬೇಡಿ.

ಎರಡೂ ಟೈ ರಾಡ್ ಅನ್ನು ಸಮವಾಗಿ ತಿರುಗಿಸಿ. ಒಂದನ್ನೇ ತಿರುಗಿಸಿದರೆ ಹ್ಯಾಂಡಲ್ ಓರೆ ನಿಲ್ಲುತ್ತದೆ. ಥ್ರೆಡ್ ಸಾಕಷ್ಟು ಒಳಗಿರಲಿ: 10 ಮಿ.ಮೀ. ಥ್ರೆಡ್‌ಗೆ ಕನಿಷ್ಠ 15 ಮಿ.ಮೀ. ಲಾಕ್ ನಟ್ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಬಿಗಿಯುವಾಗಲೇ ಅಳತೆ ಸರಿಯುತ್ತದೆ.

8. ಡ್ಯಾಂಪಿಂಗ್

ಕ್ಲಿಕ್ಕರ್ ಇರುವ ಶಾಕ್ ಆದರೆ ಮಾತ್ರ ಇದು. ಕಂಪ್ರೆಷನ್ ಎಂದರೆ ಶಾಕ್ ಒತ್ತುವ ವೇಗ, ರಿಬೌಂಡ್ ಎಂದರೆ ವಾಪಸ್ ಬರುವ ವೇಗ. ರಿಬೌಂಡ್ ನಿಧಾನವಾದರೆ ಸಾಲು ಸಾಲು ಉಬ್ಬುಗಳ ಮೇಲೆ ಗಾಡಿ ಕುಸಿಯುತ್ತಾ ಹೋಗಿ ಕೊನೆಗೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ತುಂಬಾ ಬೇಗವಾದರೆ ಒದೆಯುತ್ತದೆ. ಒಂದು ಸಲಕ್ಕೆ ಎರಡು ಕ್ಲಿಕ್, ಅದೂ ಕಂಪ್ರೆಷನ್ ಅಥವಾ ರಿಬೌಂಡ್, ಒಂದನ್ನು ಮಾತ್ರ ಬದಲಿಸಿ. ನೈಟ್ರೋಜನ್ ತುಂಬಿದ ಡಬ್ಬಿ ಇರುವ ಶಾಕ್ ಅನ್ನು ಮನೆಯಲ್ಲಿ ಬಿಚ್ಚಬೇಡಿ. ಒಳಗಿನ ಒತ್ತಡ ಅಪಾಯಕಾರಿ.

9. ಫ್ರೇಮ್ ಮೇಲೆ ವೆಲ್ಡಿಂಗ್

ಪೀಣ್ಯದಲ್ಲಿ ಒಳ್ಳೆಯ ಲೇತ್ ಕೆಲಸ, ಒಳ್ಳೆಯ ವೆಲ್ಡಿಂಗ್ ಎರಡೂ ಸಿಗುತ್ತವೆ. ಆದರೆ ಏನು ಕೇಳಬೇಕು ಎಂದು ನಿಮಗೆ ಗೊತ್ತಿರಬೇಕು. ಪೈಪ್ ಮೈಲ್ಡ್ ಸ್ಟೀಲೋ (ಸಾಮಾನ್ಯ ಉಕ್ಕು) ಕ್ರೋಮೋಲಿಯೋ (ಕ್ರೋಮಿಯಂ, ಮಾಲಿಬ್ಡಿನಮ್ ಬೆರೆಸಿದ ಗಟ್ಟಿ ಉಕ್ಕು) ಎಂದು ಮೊದಲು ಖಚಿತ ಮಾಡಿಕೊಳ್ಳಿ. ನಲ್ಲಿ ಕೆಲಸದ ಜಿಐ ಪೈಪ್ ತುಂಡನ್ನು ಫ್ರೇಮ್‌ಗೆ ಸೇರಿಸಲು ಬಿಡಬೇಡಿ. ಅದು ಈ ಹೊರೆಗೆ ಮಾಡಿದ್ದಲ್ಲ, ವೆಲ್ಡ್ ಮಾಡುವಾಗ ಸತುವಿನ ಹೊಗೆಯೂ ಕೆಟ್ಟದ್ದು. ಕೆಲಸ ಶುರುವಾಗುವ ಮೊದಲು ಬ್ಯಾಟರಿಯ ಕನೆಕ್ಷನ್ ತೆಗೆಯಿರಿ, ಇಲ್ಲದಿದ್ದರೆ ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸುಡಬಹುದು.

ಬಲ ಕೊಡುವ ಪ್ಲೇಟ್‌ನ ತುದಿ ಪೈಪಿಗೆ ಅಡ್ಡಲಾಗಿ ನೇರ ಕೊನೆಯಾಗಬಾರದು. ಮೀನಿನ ಬಾಯಿಯಂತೆ ಕತ್ತರಿಸಿ ಹಾಕಿಸಿ. ನೇರ ಕೊನೆಯಾದರೆ ಎಲ್ಲ ಒತ್ತಡ ಆ ಒಂದು ಗೆರೆಗೆ ಬಿದ್ದು ವೆಲ್ಡ್ ಪಕ್ಕದಲ್ಲೇ ಕೂದಲಿನಂಥ ಬಿರುಕು ಹುಟ್ಟುತ್ತದೆ. ಶಾಕ್ ಮತ್ತು ಟೈ ರಾಡ್ ಬೋಲ್ಟ್‌ಗೆ ಎರಡೂ ಬದಿಯಲ್ಲಿ ಹಿಡಿಯುವ ಕಿವಿ (ತೂತಿರುವ ಬ್ರಾಕೆಟ್ ಪ್ಲೇಟ್) ಇದ್ದರೆ ಒಳ್ಳೆಯದು. ಬೋಲ್ಟ್ ತಲೆಯ ಮೇಲೆ 8.8 ಅಥವಾ 10.9 ಎಂದು ಅಚ್ಚು ಇದೆಯೇ ನೋಡಿ. ಮೊದಲಿದ್ದ ದರ್ಜೆಗಿಂತ ಕೆಳಗಿನದನ್ನು ಹಾಕಬೇಡಿ.

ಕೆಲಸ ಮುಗಿದ ಮೇಲೆ ಫ್ರೇಮ್‌ನ ಎದುರುಬದುರು ಮೂಲೆಗಳ ನಡುವಿನ ಎರಡೂ ಕರ್ಣ ಅಳೆಯಿರಿ. ವ್ಯತ್ಯಾಸ ಇದ್ದರೆ ಬಿಸಿಗೆ ಫ್ರೇಮ್ ಎಳೆದಿದೆ. ಹಾಗಾದರೆ 7ನೇ ಹಂತದ ಟೋ ಎಷ್ಟು ಸರಿಮಾಡಿದರೂ ಗಾಡಿ ಏಡಿಯಂತೆ ಓರೆಯಾಗಿಯೇ ಓಡುತ್ತದೆ.

10. ಓಡಿಸಿ ನೋಡುವುದು

ಮೊದಲು ನಿಂತಲ್ಲೇ ಪರೀಕ್ಷೆ. ಶಾಕ್ ಪೂರ್ತಿ ಒತ್ತಿದಾಗ ಮತ್ತು ಪೂರ್ತಿ ತೂಗಿದಾಗ, ಎರಡರಲ್ಲೂ ಹ್ಯಾಂಡಲ್ ಅನ್ನು ಕೊನೆಯಿಂದ ಕೊನೆಗೆ ತಿರುಗಿಸಿ. ಬ್ರೇಕ್ ಹೋಸ್ ಎಳೆಯಬಾರದು, ಟೈರ್ ಎಲ್ಲೂ ಉಜ್ಜಬಾರದು.

ಆಮೇಲೆ ಗರಸು ಮಣ್ಣಿನ ಸಮತಟ್ಟು ಬಯಲಿಗೆ ಹೋಗಿ. ಹೆಲ್ಮೆಟ್, ಕೈಗವಸು, ಬೂಟು ಕಡ್ಡಾಯ. ಹಿಂದೆ ಯಾರನ್ನೂ ಕೂರಿಸಬೇಡಿ. ನಿಧಾನ ವೇಗದಲ್ಲಿ ನೇರ ಓಡಿಸಿ ಹಿಡಿತ ಸಡಿಲಿಸಿ, ಎಳೆಯುತ್ತದೆಯೇ ನೋಡಿ. ಎಡಕ್ಕೊಂದು, ಬಲಕ್ಕೊಂದು ವೃತ್ತ ಹಾಕಿ, ಎರಡೂ ಒಂದೇ ಥರ ಅನಿಸಬೇಕು. ನೇರ ಓಡುವಾಗ ಬ್ರೇಕ್ ಹಿಡಿದು ನೋಡಿ. ಸ್ಪೀಡ್ ಕೊನೆಗೆ, ಅದೂ ಹಂತ ಹಂತವಾಗಿ. ಪ್ರತಿ ಓಟಕ್ಕೂ ಒಂದೇ ಬದಲಾವಣೆ ಮಾಡಿ, ಒಂದು ಸಾಲು ನೋಟ್‌ಬುಕ್‌ನಲ್ಲಿ ಬರೆಯಿರಿ.

ಮೊದಲ ಓಟ ಮುಗಿಸಿ ಬಂದ ತಕ್ಷಣ ಎಲ್ಲ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ನೋಡಿ. ಬಿಗಿದ ಪ್ರತಿ ನಟ್ ಮೇಲೂ ಬಣ್ಣದ ಪೆನ್ನಿನಿಂದ ನಟ್ ಮತ್ತು ಬ್ರಾಕೆಟ್ ಸೇರುವಂತೆ ಒಂದು ಗೆರೆ ಎಳೆಯಿರಿ. ಮುಂದಿನ ಸಲ ಗಾಡಿ ತೊಳೆಯುವಾಗ ಆ ಗೆರೆ ತುಂಡಾಗಿ ಕಂಡರೆ ನಟ್ ಸಡಿಲವಾಗಿದೆ. ಅದನ್ನು ಬಿಗಿ ಮಾಡಿದ ಮೇಲೆಯೇ ಮುಂದಕ್ಕೆ ಓಡಿಸಿ.